ಎರಡು ರೈಲುದಾರಿಗಳ ನಡುವೆ ಮಾಡದಕೆರೆ

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರ ಮಾಡದಕೆರೆಯಲ್ಲಿ ರೈಲು ಹಳಿಯಿಲ್ಲ. ಪಶ್ಚಿಮಕ್ಕೆ ಹೋದರೆ ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗ ಸಿಗುತ್ತದೆ. ಆ ಮಾರ್ಗದಲ್ಲಿ ಈ ತಾಲ್ಲೂಕಿನ ನಿಲ್ದಾಣವೆಂದರೆ ಹೊಸದುರ್ಗ ರೋಡ್. ಪೂರ್ವಕ್ಕೆ ಹೋದರೆ ಹಿರಿಯೂರು. ತುಮಕೂರಿನಿಂದ ಚಿತ್ರದುರ್ಗದ ಮೂಲಕ ದಾವಣಗೆರೆಗೆ ಹೋಗುವ ಹೊಸ ಮಾರ್ಗ ಆ ಊರಿನ ಕಡೆಯಿಂದ ಹಾಯಲಿದೆ. ಈ ಎರಡು ದಾರಿಗಳ ನಡುವೆ ಮಾಡದಕೆರೆಯಂಥ ಊರುಗಳು ನೂರಾರಿವೆ. ಕಚೇರಿ ಕೆಲಸಕ್ಕೆ ಚಿತ್ರದುರ್ಗ, ದೊಡ್ಡ ಆಸ್ಪತ್ರೆಗೆ ದಾವಣಗೆರೆ, ದುಡಿಮೆಗೆ ಬೆಂಗಳೂರು ಎಂದು ಇಲ್ಲಿನ ಜನ ದಿನವೂ ಓಡಾಡುತ್ತಾರೆ, ಹೆಚ್ಚಾಗಿ ಬಸ್ಸಿನಲ್ಲಿ. ಪ್ರಾದೇಶಿಕ ರೈಲು ಸುಧಾರಿಸಬೇಕೆಂದರೆ ಏನೇನು ಮಾಡಬೇಕು ಎಂದು ತಿಳಿಯಲು ನಕ್ಷೆಯಲ್ಲಿ ಈ ಜಾಗದ ಮೇಲೆ ಬೆರಳಿಡುವುದು ಒಳ್ಳೆಯದು.

ಪಶ್ಚಿಮದ ಮಾರ್ಗ ಹಳೆಯದು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಓಡಿತು. ಅದೇ ದಶಕದ ಕೊನೆಯ ಹೊತ್ತಿಗೆ ಹಳಿ ಹರಿಹರ ಮುಟ್ಟಿತು. ನೂರು ವರ್ಷ ಮೀಟರ್ ಗೇಜ್ ಆಗಿದ್ದ ಈ ದಾರಿ ಬ್ರಾಡ್ ಗೇಜ್ ಆದದ್ದು 1990ರ ದಶಕದಲ್ಲಿ. ಆಮೇಲೆ ಜೋಡಿ ಹಳಿ ತುಂಡುತುಂಡಾಗಿ ಬಂತು: ಹೊಸದುರ್ಗ ರೋಡ್–ಚಿಕ್ಕಜಾಜೂರು ನಡುವಿನ ಸುಮಾರು 29 ಕಿ.ಮೀ. ಒಂದು ಕಾಮಗಾರಿ, ಶಿವನಿ–ಹೊಸದುರ್ಗ ರೋಡ್ ನಡುವಿನ ಸುಮಾರು 10 ಕಿ.ಮೀ. ಇನ್ನೊಂದು, ಬೀರೂರು–ಶಿವನಿ ಮತ್ತೊಂದು. ವಿದ್ಯುದೀಕರಣವೂ ಮುಗಿದು, 2023ರ ಜೂನ್ 27ರಂದು ಧಾರವಾಡ–ಬೆಂಗಳೂರು ವಂದೇ ಭಾರತ್ ಹೊರಟಿತು. ಆರಂಭದಲ್ಲಿ ನಡುದಾರಿಯಲ್ಲಿ ಅದು ನಿಲ್ಲುತ್ತಿದ್ದದ್ದು ಹುಬ್ಬಳ್ಳಿ, ದಾವಣಗೆರೆ, ಯಶವಂತಪುರಗಳಲ್ಲಿ ಮಾತ್ರ.

ವೇಗದ ಗಾಡಿ ಎಲ್ಲ ಕಡೆ ನಿಲ್ಲಲಾರದು, ನಿಲ್ಲಬೇಕೆಂದು ಕೇಳುವುದೂ ಸರಿಯಲ್ಲ. ಕೇಳಬೇಕಾದದ್ದು ಬೇರೆ. ಒಂಟಿ ಹಳಿಯ ಕಾಲದಲ್ಲಿ ಪ್ಯಾಸೆಂಜರ್ ಗಾಡಿ ಸಣ್ಣ ನಿಲ್ದಾಣದಲ್ಲಿ ‘ಕ್ರಾಸಿಂಗ್’ಗೆ ನಿಂತರೆ ಎದುರಿನ ಗಾಡಿ ಬಂದು ಹೋಗುವವರೆಗೆ ಅಲುಗಾಡುವಂತಿರಲಿಲ್ಲ. ಜೋಡಿ ಹಳಿಯಾದ ಮೇಲೆ ಆ ಕಾಯುವಿಕೆ ತಪ್ಪಿತು, ದಾರಿಯಲ್ಲಿ ಇನ್ನಷ್ಟು ಗಾಡಿಗಳಿಗೆ ಜಾಗವಾಯಿತು. ಆ ಜಾಗದಲ್ಲಿ ಒಂದು ಪಾಲು ಅಜ್ಜಂಪುರ, ಶಿವನಿ, ಹೊಸದುರ್ಗ ರೋಡ್, ರಾಮಗಿರಿ, ಹೊಳಲ್ಕೆರೆಗಳಿಗೆ ಸಿಗಬೇಕೇ ಬೇಡವೇ? ಪ್ಯಾಸೆಂಜರ್ ಗಾಡಿಗಳೇನೋ ಇವೆ, ಆದರೆ ಬೆರಳೆಣಿಕೆಯಷ್ಟು. ಬೆಳಗಿನ ಗಾಡಿ ತಪ್ಪಿದರೆ ಮುಂದಿನದಕ್ಕೆ ಕಾಯುವ ಬದಲು ಜನ ಬಸ್ ಹತ್ತುತ್ತಾರೆ, ಮರುದಿನದಿಂದ ನಿಲ್ದಾಣದ ಕಡೆ ತಲೆಯನ್ನೇ ಹಾಕುವುದಿಲ್ಲ.

ಇದಕ್ಕೆ ತಕ್ಕ ಗಾಡಿ ನಮ್ಮ ದೇಶದಲ್ಲೇ ತಯಾರಾಗುತ್ತಿದೆ. ಮೆಮು ಎಂದು ಕರೆಯುವ ಈ ವಿದ್ಯುತ್ ಗಾಡಿಗೆ ಎರಡೂ ತುದಿಯಲ್ಲಿ ಚಾಲಕನ ಕೋಣೆಯಿರುತ್ತದೆ. ಎಳೆಯುವ ಶಕ್ತಿ ಒಂದೇ ಎಂಜಿನ್ನಿನಲ್ಲಿರದೆ ಗಾಡಿಯುದ್ದಕ್ಕೂ ಹಂಚಿಕೆಯಾಗಿರುವುದರಿಂದ ನಿಂತಲ್ಲಿಂದ ಬೇಗ ವೇಗ ಹಿಡಿಯುತ್ತದೆ. ಹತ್ತು ನಿಲ್ದಾಣಗಳಲ್ಲಿ ನಿಲ್ಲುವ ಗಾಡಿಗೆ ಇದು ಚಿಕ್ಕ ಲಾಭವಲ್ಲ. ಇನ್ನು ಹಿಂತಿರುಗುವ ಹೊತ್ತು ನೋಡಿ. ಸಾಮಾನ್ಯ ಗಾಡಿ ಕೊನೆಯ ನಿಲ್ದಾಣ ತಲುಪಿದ ಮೇಲೆ ಎಂಜಿನ್ ಬಿಚ್ಚಿ, ಪಕ್ಕದ ಹಳಿಯಲ್ಲಿ ಸುತ್ತಿ ತಂದು, ಇನ್ನೊಂದು ತುದಿಗೆ ಜೋಡಿಸಿ, ಬ್ರೇಕಿನ ಗಾಳಿ ಕೊಳವೆ ಕೂಡಿಸಿ, ಬ್ರೇಕ್ ಪರೀಕ್ಷಿಸಿ ಹೊರಡಬೇಕು. ಮೆಮುವಿನಲ್ಲಿ ಚಾಲಕ ಈ ತುದಿಯಿಂದ ಆ ತುದಿಗೆ ನಡೆದುಹೋದರೆ ಸಾಕು. ಬೀರೂರಿನಿಂದ ದಾವಣಗೆರೆಗೆ ಒಂದೇ ಗಾಡಿ ದಿನಕ್ಕೆ ಹಲವು ಸಲ ಹೋಗಿಬರಲು ಸಾಧ್ಯವಾಗುವುದು ಹೀಗೆ.

ಆದರೆ ಗಾಡಿ ಬಂದರಷ್ಟೇ ಸಾಲದು, ಪ್ಲಾಟ್‌ಫಾರಂ ಯಾವ ಹಳಿಯ ಪಕ್ಕದಲ್ಲಿದೆ ಎಂಬುದೂ ಮುಖ್ಯ. ಮುಖ್ಯ ಹಳಿಯಿಂದ ನಿಲ್ದಾಣದ ಪಕ್ಕದ ಹಳಿಗೆ, ಅಂದರೆ ಲೂಪ್ ಲೈನಿಗೆ, ತಿರುಗುವ ಗಾಡಿ ಸಾಮಾನ್ಯವಾಗಿ ಗಂಟೆಗೆ 30 ಕಿ.ಮೀ. ವೇಗ ಮೀರುವಂತಿಲ್ಲ. ಪ್ರತಿ ನಿಲ್ದಾಣದಲ್ಲೂ ಲೂಪಿಗೆ ಹೋಗಿ ಬರುವ ಗಾಡಿ ಅಲ್ಲಲ್ಲಿ ಕೆಲವು ನಿಮಿಷ ಕಳೆದುಕೊಳ್ಳುತ್ತ, ಕೊನೆಗೆ ಬಸ್ಸಿಗಿಂತ ಹಿಂದೆ ಬೀಳುತ್ತದೆ. ಮುಖ್ಯ ಹಳಿಯ ಪಕ್ಕದಲ್ಲೇ ಎತ್ತರದ ಪ್ಲಾಟ್‌ಫಾರಂ ಇದ್ದರೆ ಗಾಡಿ ನೇರವಾಗಿ ಬಂದು ನಿಂತು ಹೊರಡಬಹುದು. ವೇಗದ ಗಾಡಿ ಹಿಂದೆ ಬರುತ್ತಿದ್ದಾಗ ಮಾತ್ರ ಲೂಪು ಹಿಡಿದರಾಯಿತು. ಎತ್ತರ ಎಂದು ಒತ್ತಿ ಹೇಳಲು ಕಾರಣವಿದೆ. ನೆಲಮಟ್ಟದ ಪ್ಲಾಟ್‌ಫಾರಂನಿಂದ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮಗು ಹಿಡಿದವಳು ಕಡಿದಾದ ಮೆಟ್ಟಿಲು ಹತ್ತುವಷ್ಟರಲ್ಲಿ ಒಂದು ನಿಮಿಷದ ನಿಲುಗಡೆ ಮುಗಿದಿರುತ್ತದೆ. ಮಂಡಿನೋವಿನ ಅಜ್ಜ ಅಜ್ಜಿಯರಂತೂ ಆ ಮೆಟ್ಟಿಲು ಕಂಡೇ ಬಸ್ಸೇ ಸೈ ಎನ್ನುತ್ತಾರೆ.

ಇಷ್ಟೆಲ್ಲ ಆದರೂ ಮಾಡದಕೆರೆಗೆ ಏನು ಸಿಕ್ಕಿತು? ಹೊಸದುರ್ಗ ಪೇಟೆಯೇ ತನ್ನ ಹೆಸರಿನ ನಿಲ್ದಾಣದಿಂದ ದೂರವಿದೆ. ಹೋಬಳಿಯ ಹಳ್ಳಿಗಳು ಅದಕ್ಕಿಂತ ದೂರ. ಇಲ್ಲಿ ರೈಲಿನ ಭವಿಷ್ಯ ನಿಂತಿರುವುದು ಬಸ್ಸಿನ ಮೇಲೆ. ಗಾಡಿ ಬರುವ ಹತ್ತು ನಿಮಿಷ ಮೊದಲು ಹಳ್ಳಿಗಳ ಕಡೆಯಿಂದ ಒಂದು ಬಸ್ಸು ನಿಲ್ದಾಣಕ್ಕೆ ಬರಬೇಕು. ಗಾಡಿ ಹೋದ ಮೇಲೆ, ಇಳಿದವರನ್ನು ಹತ್ತಿಸಿಕೊಂಡು ಅದೇ ಬಸ್ಸು ವಾಪಸ್ ಹೊರಡಬೇಕು. ಗಾಡಿ ತಡವಾದರೆ ಕಂಡಕ್ಟರಿಗೆ ಆ ವಿಷಯ ಮುಂಚೆಯೇ ತಿಳಿಯಬೇಕು. ಇದಕ್ಕೆ ಸಾವಿರಾರು ಕೋಟಿ ಬೇಕಿಲ್ಲ, ಎರಡು ವೇಳಾಪಟ್ಟಿಗಳನ್ನು ಒಂದೇ ಮೇಜಿನ ಮೇಲೆ ಇಟ್ಟು ನೋಡುವವರು ಬೇಕು.

ಸ್ವಿಟ್ಜರ್‌ಲೆಂಡ್ 1982ರಲ್ಲಿ ಇದನ್ನೇ ಇಡೀ ದೇಶಕ್ಕೆ ಮಾಡಿತು. ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ಗಾಡಿ. 1987ರಲ್ಲಿ ಜನಮತದ ಒಪ್ಪಿಗೆ ಪಡೆದ ‘ಬಾನ್ 2000’ ಯೋಜನೆ ಒಂದು ಹೆಜ್ಜೆ ಮುಂದೆ ಹೋಯಿತು. ಮೊದಲು ಹಳಿ ಹಾಕಿ ಆಮೇಲೆ ವೇಳಾಪಟ್ಟಿ ಬರೆಯುವ ಬದಲು, ಬೇಕಾದ ವೇಳಾಪಟ್ಟಿಯನ್ನು ಮೊದಲು ಬರೆದು, ಅದಕ್ಕೆ ಎಲ್ಲೆಲ್ಲಿ ಹೊಸ ಹಳಿ ಬೇಕೋ ಅಲ್ಲಿ ಮಾತ್ರ ಹಾಕಿದರು. ಮುಖ್ಯ ಜಂಕ್ಷನ್ನುಗಳಿಗೆ ಎಲ್ಲ ದಿಕ್ಕಿನ ಗಾಡಿಗಳು ಗಂಟೆ ಹೊಡೆಯುವ ಮುಂಚೆ ಬಂದು ಸೇರಿ, ಹೊಡೆದ ಮೇಲೆ ಹೊರಡುತ್ತವೆ. ಬೆಟ್ಟದ ಹಳ್ಳಿಗಳಿಂದ ಹಳದಿ ಬಣ್ಣದ ಅಂಚೆ ಬಸ್ಸುಗಳು ಅದೇ ಹೊತ್ತಿಗೆ ಬಂದು ನಿಲ್ಲುತ್ತವೆ. ಶ್ರೀಮಂತ ದೇಶದ ಮಾತು ಎಂದು ತಳ್ಳಿಹಾಕಬೇಕಿಲ್ಲ. ನಮ್ಮ ಚಿಕ್ಕಜಾಜೂರು ಅಂಥದೇ ಜಂಕ್ಷನ್: ಮುಖ್ಯ ಮಾರ್ಗದಿಂದ ಚಿತ್ರದುರ್ಗ, ರಾಯದುರ್ಗ, ಬಳ್ಳಾರಿಗಳ ಕಡೆಯ ಹಳಿ ಕವಲೊಡೆಯುವುದು ಅಲ್ಲಿ. ಬೀರೂರಿನ ಗಾಡಿ, ದಾವಣಗೆರೆಯ ಗಾಡಿ, ಚಿತ್ರದುರ್ಗದ ಗಾಡಿ ಮೂರೂ ಕಾಲು ಗಂಟೆಯೊಳಗೆ ಅಲ್ಲಿ ಕೂಡಿದರೆ, ಹೊಸದುರ್ಗ ರೋಡಿನಲ್ಲಿ ಹತ್ತಿದವರು ಅಲ್ಲಿ ಬದಲಾಯಿಸಿ ಜಿಲ್ಲಾ ಕೇಂದ್ರ ಮುಟ್ಟಬಹುದು.

ಸಣ್ಣ ನಿಲ್ದಾಣಗಳಲ್ಲಿ ಎಕ್ಸ್‌ಪ್ರೆಸ್ ಗಾಡಿಗಳಿಗೆ ನಿಲುಗಡೆಯನ್ನು ಹೆಚ್ಚಾಗಿ ಮೊದಲು ಪ್ರಾಯೋಗಿಕವಾಗಿ ಕೊಡುತ್ತಾರೆ. ಟಿಕೆಟ್ ಮಾರಾಟ ನೋಡಿ ಮುಂದುವರಿಸುವ ತೀರ್ಮಾನ ಆಗುತ್ತದೆ. ಲೆಕ್ಕ ನ್ಯಾಯವಾದದ್ದೇ. ಆದರೆ ಬಸ್ಸೇ ಬಾರದ ನಿಲ್ದಾಣದಲ್ಲಿ ಟಿಕೆಟ್ ಕೊಳ್ಳಲು ಜನ ಎಲ್ಲಿಂದ ಬರಬೇಕು? ಆ ಪ್ರಾಯೋಗಿಕ ಅವಧಿಯಲ್ಲಾದರೂ ಗಾಡಿಯ ವೇಳೆಗೆ ಹೊಂದುವ ಬಸ್ಸು ಓಡಿಸಿ ಆಮೇಲೆ ಅಳೆದರೆ ಸರಿಯಾದ ಉತ್ತರ ಸಿಕ್ಕೀತು.

ದರವೂ ಜನರನ್ನು ತಿರುಗಿಸುತ್ತದೆ. ಕೋವಿಡ್ ಕಾಲದಲ್ಲಿ ಪ್ಯಾಸೆಂಜರ್ ಗಾಡಿಗಳು ನಿಂತು, ‘ವಿಶೇಷ’ ಹೆಸರಿನಲ್ಲಿ ಮರಳಿದಾಗ ಕನಿಷ್ಠ ದರ 10 ರೂಪಾಯಿಯಿಂದ 30ಕ್ಕೆ ಏರಿತ್ತು. ಹಳೆಯ ದರ ಮರಳಿದ್ದು 2024ರಲ್ಲಿ. ಅಷ್ಟರಲ್ಲಿ, 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸು ಉಚಿತವಾಗಿತ್ತು. ಆ ಬಸ್ಸು ರೈಲಿಗೆ ಎದುರಾಳಿಯಾಗದೆ, ನಿಲ್ದಾಣದವರೆಗೆ ಕರೆತರುವ ಮೊದಲ ಹಂತವಾದರೆ ಎರಡಕ್ಕೂ ಲಾಭ.

ಇನ್ನು ಪೂರ್ವದ ಹೊಸ ಮಾರ್ಗ. 2011–12ರಲ್ಲಿ ಮಂಜೂರಾದ ತುಮಕೂರು–ಚಿತ್ರದುರ್ಗ–ದಾವಣಗೆರೆ ಮಾರ್ಗದ ಉದ್ದ 191 ಕಿ.ಮೀ. ನಿರ್ಮಾಣ ವೆಚ್ಚದಲ್ಲಿ ಅರ್ಧ ರಾಜ್ಯದ್ದು, ಭೂಮಿಯೂ ರಾಜ್ಯದ್ದೇ. ಹೆದ್ದಾರಿಯಲ್ಲಿ ಬೆಂಗಳೂರಿಗೆ ಸುಮಾರು 200 ಕಿ.ಮೀ. ಇರುವ ಚಿತ್ರದುರ್ಗ ಇಂದು ರೈಲಿನಲ್ಲಿ ಚಿಕ್ಕಜಾಜೂರು, ಬೀರೂರು, ಅರಸೀಕೆರೆ ಸುತ್ತಿ 300 ಕಿ.ಮೀ. ಮೀರಿದ ದೂರದಲ್ಲಿದೆ. ಹೊಸ ಹಳಿ ಆ ಸುತ್ತನ್ನು ತಪ್ಪಿಸುತ್ತದೆ, ದಾವಣಗೆರೆಗೂ ಸುಮಾರು 60 ಕಿ.ಮೀ. ಉಳಿಸುತ್ತದೆ. ಭೂಸ್ವಾಧೀನ ವರ್ಷಗಟ್ಟಲೆ ಹಿಡಿದದ್ದರಿಂದ ಕೆಲಸ ತಡವಾಯಿತು. ಇದು ಈ ಜಿಲ್ಲೆಗೆ ಮಾತ್ರ ಬಂದ ಕಷ್ಟವಲ್ಲ: 1996–97ರಲ್ಲಿ ಮಂಜೂರಾದ ಬೆಂಗಳೂರು–ಹಾಸನ ಮಾರ್ಗದಲ್ಲಿ ಶ್ರವಣಬೆಳಗೊಳದ ಮೂಲಕ ರೈಲು ಓಡಿದ್ದು 2017ರ ಮಾರ್ಚ್‌ನಲ್ಲಿ. ಪಕ್ಕದ ಕಡೂರು–ಚಿಕ್ಕಮಗಳೂರು ಮಾರ್ಗದ ಪಾಠ ಇನ್ನೊಂದು ಬಗೆಯದು. 2013ರಲ್ಲಿ ಹಳಿ ಬಂತು, ಊರಿನವರು ಸಂಭ್ರಮಿಸಿದರು. ಆಮೇಲೂ ಗಾಡಿಗಳು ಕೆಲವೇ ಆಗಿದ್ದರಿಂದ ಆ ಊರಿನ ದಿನನಿತ್ಯದ ಓಡಾಟ ಬಸ್ಸಿನಲ್ಲೇ ಉಳಿಯಿತು.

ಹಾಗಾಗಿ ಹಿರಿಯೂರಿನ ಹೊಸ ನಿಲ್ದಾಣಕ್ಕೆ ಬೇಕಾದ ಕೆಲವು ನಿರ್ಧಾರಗಳನ್ನು ಗಾಡಿ ಓಡುವ ಮೊದಲೇ ಮಾಡಬೇಕು. ನಿಲ್ದಾಣದ ಎದುರು ನಾಲ್ಕೈದು ಬಸ್ಸು ತಿರುಗಿ ನಿಲ್ಲುವಷ್ಟು ಜಾಗ, ಹೊಸದುರ್ಗದ ಕಡೆಯಿಂದ ಬರುವ ರಸ್ತೆಗೆ ನೇರ ಸಂಪರ್ಕ, ರಾತ್ರಿ ಇಳಿದವರಿಗೆ ದೀಪ ಮತ್ತು ಕುಳಿತುಕೊಳ್ಳುವ ತಾಣ. ಭೂಮಿಯ ಬೆಲೆ ಏರಿ, ಸುತ್ತ ಅಂಗಡಿ ಎದ್ದ ಮೇಲೆ ಇವಕ್ಕೆ ಜಾಗ ಹುಡುಕುವುದು ಆಗದ ಮಾತು.

ಇವನ್ನೆಲ್ಲ ಹೊಂದಿಸುವವರು ಯಾರು? ಬೆಂಗಳೂರಿಗೆ 2022ರ ಕಾಯ್ದೆಯಡಿ ಮಹಾನಗರ ಭೂಸಾರಿಗೆ ಪ್ರಾಧಿಕಾರವಿದೆ. ಮೆಟ್ರೊ, ಬಸ್ಸು, ಉಪನಗರ ರೈಲುಗಳನ್ನು ಒಟ್ಟಿಗೆ ನೋಡುವುದು ಅದರ ಉದ್ದೇಶ. ಜಿಲ್ಲೆಗಳಿಗೆ ಅಂಥದ್ದಿಲ್ಲ. ಖಾಸಗಿ ಬಸ್ಸುಗಳ ಪರವಾನಗಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಕೈಯಲ್ಲಿದೆ. ಸರ್ಕಾರಿ ಬಸ್ಸಿನ ವೇಳೆ ಸಾರಿಗೆ ಸಂಸ್ಥೆಯ ವಿಭಾಗದ್ದು, ಹೊಸದುರ್ಗ ರೋಡ್ ಮತ್ತು ಚಿಕ್ಕಜಾಜೂರಿನ ಹೊಣೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗದ್ದು. ವರ್ಷಕ್ಕೆ ಎರಡು ಸಲ ಜಿಲ್ಲಾಧಿಕಾರಿ ಈ ಮೂರೂ ಕಡೆಯವರನ್ನು ಚಿತ್ರದುರ್ಗದಲ್ಲಿ ಕೂರಿಸಿ, ರೈಲ್ವೆಯ ಹೊಸ ವೇಳಾಪಟ್ಟಿ ಅಚ್ಚಾಗುವ ಮೊದಲೇ ಬಸ್ಸಿನ ವೇಳೆ ಹೊಂದಿಸುವ ಕೆಲಸ ಆರಂಭಿಸಬಹುದು. ಮಾಡದಕೆರೆಯ ಗ್ರಾಮ ಪಂಚಾಯಿತಿ ಆ ಸಭೆಗೆ ಯಾವ ಹೊತ್ತಿನ ಬಸ್ಸು, ಯಾವ ನಿಲ್ದಾಣಕ್ಕೆ, ಎಷ್ಟು ವಿದ್ಯಾರ್ಥಿಗಳಿಗೆ ಎಂದು ಬರೆದ ಒಂದು ಪುಟದ ಪಟ್ಟಿ ಕಳಿಸಲು ಹೊಸ ಹಳಿ ಮುಗಿಯುವವರೆಗೆ ಕಾಯಬೇಕಿಲ್ಲ. ಹೊಸದುರ್ಗ ರೋಡಿನ ಗಾಡಿಗಳಿಗೆ ಸಂಬಂಧಪಟ್ಟಂತೆ ಈ ವರ್ಷವೇ ಕಳಿಸಬಹುದು.