ವಿಮಾನ ಇಳಿದ ಮೇಲೆ ಎಷ್ಟು ನಡೆಯಬೇಕು?

ಕುಣಿಗಲ್ ತಾಲೂಕಿನ ಕೊತ್ತಗೆರೆಯಲ್ಲಿರುವ ನಮ್ಮ ಖಾಲಾಗೆ ಹಜ್ಜ್‌ನ ಆಸೆ ಇಂದು ನಿನ್ನೆಯದಲ್ಲ. ಕೊನೆಗೂ ಅರ್ಜಿ ಹಾಕುವುದೆಂದು ತೀರ್ಮಾನಿಸಿ ಅವರು ನಮ್ಮ ಮನೆಗೆ ಬಂದಾಗ ನಾನು ಸಂತೋಷದಿಂದ ಹಜ್ಜ್‌ನ ದುಆಗಳ ಪುಸ್ತಕ ತೆಗೆದು ಅವರ ಮುಂದಿಟ್ಟೆ. ಅವರು ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟರು. ಆಮೇಲೆ ಕೇಳಿದ್ದು ಒಂದೇ ಮಾತು: "ಬೇಟಿ, ವಿಮಾನ ಇಳಿದ ಮೇಲೆ ಎಷ್ಟು ನಡೆಯಬೇಕು?"

ನಾನು ತಬ್ಬಿಬ್ಬಾದೆ. ಹಜ್ಜ್‌ನ ಫರ್ಝ್ ಯಾವುದು, ವಾಜಿಬ್ ಯಾವುದು ಎಂದು ಮಕ್ಕಳಿಗೆ ವರ್ಷಗಟ್ಟಲೆ ಬಾಯಿಪಾಠ ಮಾಡಿಸಿದ್ದೇನೆ. ಆದರೆ ಕಿಲೋಮೀಟರಿನ ಲೆಕ್ಕವನ್ನು ಎಂದೂ ಹಾಕಿರಲಿಲ್ಲ. ಸಹೋದರಿಯರೇ, ನಿಮ್ಮ ಮನೆಯಲ್ಲೂ ಹಜ್ಜ್‌ಗೆ ಹೊರಡುವವರಿದ್ದರೆ ಆ ಲೆಕ್ಕವನ್ನು ಈಗಲೇ ಹಾಕಿ ಎನ್ನಲು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಅಜ್ಜಂದಿರ ಕಾಲದಲ್ಲಿ ದಾರಿಯೇ ದೊಡ್ಡ ಪರೀಕ್ಷೆಯಾಗಿತ್ತು. ತುಮಕೂರಿನಿಂದ ರೈಲಿನಲ್ಲಿ ಮುಂಬಯಿ, ಅಲ್ಲಿ ಮುಸಾಫಿರ್‌ಖಾನೆಯಲ್ಲಿ ಹಡಗಿಗಾಗಿ ಕಾಯುವುದು, ಆಮೇಲೆ ದಿನಗಟ್ಟಲೆ ಸಮುದ್ರ. ಹೊರಟವರು ಊರವರೆಲ್ಲರಲ್ಲಿ ಕ್ಷಮೆ ಕೇಳಿ, ಸಾಲ ತೀರಿಸಿ, ವಸಿಯ್ಯತ್ ಬರೆದಿಟ್ಟು ಹೋಗುತ್ತಿದ್ದರು. ಆ ಹಡಗು 1995ರಲ್ಲಿ ನಿಂತುಹೋಯಿತು. ಈಗ ಬೆಂಗಳೂರಿನಲ್ಲಿ ವಿಮಾನ ಹತ್ತಿದರೆ ಐದೂವರೆ-ಆರು ಗಂಟೆಯಲ್ಲಿ ಅರಬ್ ನೆಲ. ದಾರಿ ಸುಲಭವಾಯಿತು, ಹಜ್ಜೂ ಸುಲಭವಾಯಿತು ಎಂದು ನಾವು ಭಾವಿಸಿಬಿಟ್ಟೆವು. ಆದರೆ ಮಿನಾ, ಅರಫಾ, ಮುಝ್ದಲಿಫಾಗಳು ಇದ್ದಲ್ಲೇ ಇವೆ.

ಮೊದಲು ಪ್ರಯಾಣದ ಯೋಜನೆಯನ್ನೇ ನೋಡೋಣ. ಹಜ್ ಕಮಿಟಿಯ ಮೂಲಕ ಹೋಗುವವರಿಗೆ ವಿಮಾನದ ದಿನವನ್ನು ಕಮಿಟಿಯೇ ನಿಗದಿ ಮಾಡುತ್ತದೆ, ನಾವು ಆರಿಸಿಕೊಳ್ಳುವಂತಿಲ್ಲ. ಅರ್ಜಿಯನ್ನೂ ಈಗ ಬಹಳ ಮುಂಚೆ ಕರೆಯುತ್ತಾರೆ. 2026ರ ಮೇ ತಿಂಗಳ ಹಜ್ಜ್‌ಗೆ 2025ರ ಜುಲೈಯಲ್ಲೇ ಅರ್ಜಿ ಕರೆಯಲಾಗಿತ್ತು. ಆದ್ದರಿಂದ ಪಾಸ್‌ಪೋರ್ಟ್ ಕೈಯಲ್ಲಿಲ್ಲದವರು ಇಂದೇ ಅದಕ್ಕೆ ಓಡಾಡಬೇಕು. ಆಧಾರ್‌ನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು ಹೆಸರು ಇರುವುದು ನಮ್ಮ ಹೆಂಗಸರ ಹಳೆಯ ಕಾಯಿಲೆ. ಖಾಲಾರ ಹೆಸರಿನಲ್ಲಿ ಒಂದು ಕಡೆ 'ಬೀ', ಇನ್ನೊಂದು ಕಡೆ 'ಬಿ', ಮತ್ತೊಂದು ಕಡೆ 'ಬಾನು'. ಅದನ್ನು ಸರಿಪಡಿಸಲೇ ಎರಡು ತಿಂಗಳು ಹಿಡಿಯಿತು.

ಇನ್ನು ಮಹ್ರಮ್‌ನ ಪ್ರಶ್ನೆ. 2018ರ ಹಜ್ಜ್‌ನಿಂದ 45 ದಾಟಿದ ಮಹಿಳೆಯರು ಮಹ್ರಮ್ ಇಲ್ಲದೆಯೂ ಅರ್ಜಿ ಹಾಕಲು ಸರಕಾರ ಅವಕಾಶ ನೀಡಿದೆ. ಸರಕಾರದ ಅನುಮತಿ ಬೇರೆ, ಶರೀಅತ್‌ನ ವಿಧಿ ಬೇರೆ. ಶಾಫಿಈ ಮಝ್‌ಹಬ್‌ನಲ್ಲಿ ನಂಬಿಕಸ್ಥ ಸ್ತ್ರೀಯರ ತಂಡದೊಂದಿಗೆ ಫರ್ಝ್ ಹಜ್ಜ್‌ಗೆ ಹೋಗಬಹುದು ಎನ್ನುತ್ತಾರೆ. ಹನಫಿಗಳಲ್ಲಿ ಪತಿ ಅಥವಾ ಮಹ್ರಮ್ ಬೇಕೆಂಬುದೇ ಪ್ರಸಿದ್ಧ ಅಭಿಪ್ರಾಯ. ನಿಮ್ಮ ಊರಿನ ಉಲಮಾಗಳನ್ನು ಕೇಳಿಯೇ ಮುಂದುವರಿಯಿರಿ. ಖಾಲಾ ವಿಧವೆ, ಮಗನಿಗೆ ಹೋಗುವಷ್ಟು ಅನುಕೂಲವಿಲ್ಲ. ಕೊನೆಗೆ ಅವರ ತಮ್ಮ, ಅಂದರೆ ನಮ್ಮ ಮಾಮು, ತಾವೂ ಹೊರಡುತ್ತೇನೆಂದರು. ಸಮಸ್ಯೆ ಬಗೆಹರಿಯಿತು.

ಕುಣಿಗಲ್‌ಗೆ 2017ರಿಂದ ರೈಲೂ ಬಂದಿದೆ. ಯಶವಂತಪುರಕ್ಕೆ ಅದರಲ್ಲಿ ಹೋಗಬಹುದು. ಆದರೆ ಹಜ್ಜ್‌ನ ಪೆಟ್ಟಿಗೆಗಳನ್ನು ಹೊತ್ತು ಅಲ್ಲಿಂದ ಮತ್ತೆ ಬಸ್ಸು ಹಿಡಿಯುವುದು ಕಷ್ಟ; ನೇರ ಹಜ್ ಭವನಕ್ಕೆ ಒಂದು ವಾಹನ ಮಾಡಿಕೊಳ್ಳುವುದೇ ಮೇಲು. ಒಂದು ವಾಹನ ಸಾಕು! ಕಳುಹಿಸಿಕೊಡಲು ಮೂರು ಟೆಂಪೋ ತುಂಬ ಜನ ಹೋಗಿ, ರಾತ್ರಿಯೆಲ್ಲ ನಿದ್ದೆಗೆಡಿಸಿ, ಹಾಜಿಯನ್ನು ಹೊರಡುವ ಮೊದಲೇ ಸುಸ್ತು ಮಾಡಿಸುವ ಪದ್ಧತಿ ನಿಲ್ಲಬೇಕು. ಸಲಾಮ್ ಹೇಳಿ, ದುಆ ಮಾಡಿಸಿಕೊಂಡು ಊರಿನಲ್ಲೇ ಬೀಳ್ಕೊಟ್ಟರೆ ಪ್ರೀತಿ ಕಡಿಮೆಯಾಗುವುದಿಲ್ಲ.

ವಿಮಾನ ಎಲ್ಲಿ ಇಳಿಯುತ್ತದೆ ಎಂಬುದನ್ನು ಮೊದಲೇ ತಿಳಿದುಕೊಳ್ಳಿ, ಇಹ್ರಾಮ್ ಅದರ ಮೇಲೆ ನಿಂತಿದೆ. ಮೊದಲು ಮದೀನಾಕ್ಕೆ ಹೋಗುವವರು ಬೆಂಗಳೂರಿನಲ್ಲಿ ಇಹ್ರಾಮ್ ಕಟ್ಟಬೇಕಿಲ್ಲ. ಮದೀನಾದಿಂದ ಮಕ್ಕಾಕ್ಕೆ ಹೊರಡುವಾಗ ಝುಲ್‌ಹುಲೈಫಾದಲ್ಲಿ ಕಟ್ಟಿದರಾಯಿತು. ನೇರ ಜಿದ್ದಾಕ್ಕೆ ಹೋಗುವವರು ಸ್ನಾನ, ವುಝೂ, ಉಡುಪು ಎಲ್ಲವನ್ನೂ ಇಲ್ಲೇ ಮುಗಿಸಿಕೊಳ್ಳಬೇಕು. ಭಾರತದವರ ಮೀಕಾತ್ ಯಲಮ್ಲಮ್ ಎಂದು ಕಿತಾಬುಗಳಲ್ಲಿ ಓದಿದ್ದೇವೆ. ಅದು ಹಡಗಿನ ನಿಧಾನದ ದಾರಿಯ ಮಾತು. ವಿಮಾನ ಮೀಕಾತ್‌ನ ಗಡಿಯನ್ನು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ದಾಟಿಬಿಡುತ್ತದೆ. ಪ್ರಕಟಣೆ ಬಂದ ಕೂಡಲೇ ನಿಯ್ಯತ್ ಮಾಡಿ ತಲ್ಬಿಯಾ ಹೇಳಬೇಕು, ನಿದ್ದೆಹೋದರೆ ಕಷ್ಟ.

ಮುಟ್ಟಿನ ದಿನಗಳಲ್ಲಿ ವಿಮಾನದ ದಿನ ಬಂದರೆ ಏನು ಮಾಡುವುದೆಂದು ಎಷ್ಟೋ ಸಹೋದರಿಯರು ಯಾರಲ್ಲೂ ಕೇಳಲಾರದೆ ಅಳುತ್ತಾರೆ. ಅಳಬೇಡಿ. ಪ್ರವಾದಿಯವರ(ಸ) ಹಜ್ಜ್‌ಯಾತ್ರೆಯಲ್ಲಿ ಹ. ಅಸ್ಮಾ ಬಿಂತಿ ಉಮೈಸ್(ರ) ಝುಲ್‌ಹುಲೈಫಾದಲ್ಲೇ ಮಗುವಿಗೆ ಜನ್ಮವಿತ್ತರು. ಸ್ನಾನ ಮಾಡಿ ಇಹ್ರಾಮ್ ಕಟ್ಟಲು ಅವರಿಗೆ ಆದೇಶವಾಯಿತು. ದಾರಿಯಲ್ಲಿ ಮುಟ್ಟಾಗಿ ಅಳುತ್ತಿದ್ದ ಹ. ಆಯಿಶಾರಿಗೆ(ರ), ತವಾಫ್ ಒಂದನ್ನು ಬಿಟ್ಟು ಹಾಜಿಗಳು ಮಾಡುವುದನ್ನೆಲ್ಲ ಮಾಡಲು ಪ್ರವಾದಿ(ಸ) ತಿಳಿಸಿದರು. ಹಿಂತಿರುಗುವ ವಿಮಾನದ ದಿನ ಹತ್ತಿರ ಬಂದರೂ ತವಾಫೆ ಝಿಯಾರತ್ ಬಾಕಿ ಇದ್ದರೆ ನಾಚದೆ ತಂಡದ ಹೊಣೆಗಾರರಿಗೆ ತಿಳಿಸಿ, ದಿನ ಬದಲಿಸಿಕೊಡಲು ಕೇಳಿ. ವಿದಾಯದ ತವಾಫ್ ಮಾತ್ರ ಅಂಥವರಿಗೆ ಮಾಫಿಯಿದೆ.

ಜಿದ್ದಾದಿಂದ ಮಕ್ಕಾಕ್ಕೆ ಸಾಮಾನ್ಯವಾಗಿ ಬಸ್ಸು. 2018ರಲ್ಲಿ ಆರಂಭವಾದ ಹರಮೈನ್ ರೈಲು ಮಕ್ಕಾ, ಜಿದ್ದಾ, ಮದೀನಾಗಳನ್ನು ಜೋಡಿಸುತ್ತದೆ, ಗಂಟೆಗೆ 300 ಕಿ.ಮೀ. ವೇಗ. 2024ರಲ್ಲಿ ನಮ್ಮ ದೇಶದ ಹಾಜಿಗಳಲ್ಲಿ ಕೆಲವರನ್ನು ಮೊದಲ ಬಾರಿಗೆ ಜಿದ್ದಾದಿಂದ ಅದರಲ್ಲಿ ಕರೆದೊಯ್ದರು. ಹಜ್ಜ್‌ನ ದಿನಗಳಲ್ಲಿ ಮಾತ್ರ ಓಡುವ ಇನ್ನೊಂದು ರೈಲಿದೆ, ಮಶಾಇರ್ ರೈಲು. 2010ರಲ್ಲಿ ಶುರುವಾದ ಇದು ಮಿನಾ, ಮುಝ್ದಲಿಫಾ, ಅರಫಾಗಳ ನಡುವೆ ಓಡುತ್ತದೆ. ಆದರೆ ಎಲ್ಲರಿಗೂ ಸಿಗುವುದಿಲ್ಲ. ಡೇರೆ ಎಲ್ಲಿದೆ ಎಂಬುದರ ಮೇಲೆ ಕೆಲವರಿಗೆ ರೈಲು, ಕೆಲವರಿಗೆ ಬಸ್ಸು. ಸಿಕ್ಕಿದರೂ ಡೇರೆಯಿಂದ ಸ್ಟೇಷನ್ನಿಗೆ ನಡಿಗೆ, ಸ್ಟೇಷನ್ನಿನಲ್ಲಿ ನಿಂತು ಕಾಯುವುದು, ಇಳಿದು ಮತ್ತೆ ನಡಿಗೆ.

ಈಗ ಖಾಲಾರ ಪ್ರಶ್ನೆಗೆ ಬರೋಣ. ಸಫಾ-ಮರ್ವಾ ನಡುವಿನ ಏಳು ನಡಿಗೆಗೇ ಸುಮಾರು ಮೂರು ಕಿ.ಮೀ. ಆಯಿತು. ಅದಕ್ಕೆ ಮೊದಲು ತವಾಫ್‌ನ ಏಳು ಸುತ್ತು. ಕಅಬಾದ ಹತ್ತಿರ ಸುತ್ತು ಚಿಕ್ಕದು, ಜನಸಂದಣಿ ಹೆಚ್ಚು. ಮೇಲಂತಸ್ತಿಗೆ ಹೋದರೆ ಸಂದಣಿ ಕಡಿಮೆ, ಸುತ್ತು ಹಲವು ಪಟ್ಟು ದೊಡ್ಡದು. ಮಕ್ಕಾದಿಂದ ಅರಫಾ ಸುಮಾರು 20 ಕಿ.ಮೀ. ದೂರ. ಬಸ್ಸು ಸಂದಣಿಯಲ್ಲಿ ಸಿಕ್ಕಿಕೊಂಡಾಗ ಇಳಿದು ನಡೆದವರು ಬಹಳ. ಆಮೇಲೆ ಮಿನಾದಲ್ಲಿ ಝುಲ್‌ಹಜ್ಜ್ 10, 11, 12ರಂದು ಜಮರಾತ್‌ಗೆ ಹೋಗಿ ಬರಬೇಕು. ಡೇರೆ ದೂರದಲ್ಲಿದ್ದರೆ ಅದೇ ದಿನಕ್ಕೆ ಹಲವು ಕಿಲೋಮೀಟರ್. ಕಲ್ಲೆಸೆದ ಮೇಲೆ ಹೋದ ದಾರಿಯಲ್ಲೇ ಹಿಂದಿರುಗಲು ಬಿಡುವುದಿಲ್ಲ, ಸುತ್ತಿಕೊಂಡು ಬರಬೇಕು.

ಇದನ್ನೆಲ್ಲ ಹೇಳಿದಾಗ ಖಾಲಾರ ಮುಖ ಸಪ್ಪಗಾಯಿತು. ಹಾಗಾಗಿ ರಿಯಾಯಿತಿಗಳನ್ನೂ ಹೇಳಿದೆ, ನಿಮಗೂ ಹೇಳುತ್ತೇನೆ. ತವಾಫ್‌ನಲ್ಲಿ ಪುರುಷರಂತೆ ಬಿರುಸಾಗಿ ನಡೆಯುವುದು, ಸಈಯಲ್ಲಿ ಹಸಿರು ದೀಪಗಳ ನಡುವೆ ಓಡುವುದು ಸ್ತ್ರೀಯರಿಗಿಲ್ಲ. ತವಾಫ್‌ಗೂ ಸಈಗೂ ಗಾಲಿಕುರ್ಚಿ ಸಿಗುತ್ತದೆ. ಆಗದವರಿಗೆ ಅದರಲ್ಲಿ ಯಾವ ಅವಮಾನವೂ ಇಲ್ಲ. ಹ. ಸೌದಾ(ರ) ಸ್ಥೂಲಕಾಯದವರು, ನಡಿಗೆ ನಿಧಾನ. ಮುಝ್ದಲಿಫಾದಿಂದ ಜನರ ನೂಕುನುಗ್ಗಲಿಗೆ ಮೊದಲೇ ರಾತ್ರಿ ಹೊರಡಲು ಅವರು ಅನುಮತಿ ಕೇಳಿದರು, ಪ್ರವಾದಿ(ಸ) ಕೊಟ್ಟರು. ಉಮ್ಮುಲ್ ಮೂಮಿನೀನ್‌ರೇ ತಮ್ಮ ಕಾಲಿನ ಸ್ಥಿತಿಯನ್ನು ಬಾಯಿಬಿಟ್ಟು ಹೇಳಿದ್ದಾರೆ, ನಾವು ಹೇಳಲು ಸಂಕೋಚಪಡುತ್ತೇವೆ!

ಪಾದರಕ್ಷೆಯ ವಿಷಯದಲ್ಲಿ ನಮ್ಮಲ್ಲಿ ದೊಡ್ಡ ತಪ್ಪು ತಿಳುವಳಿಕೆಯಿದೆ. ಇಹ್ರಾಮ್‌ನಲ್ಲಿ ಪಾದ ಮುಚ್ಚುವ ಬೂಟು ಹಾಕಬಾರದೆಂಬುದು ಪುರುಷರ ನಿಯಮ. ಸ್ತ್ರೀಯರು ಕಾಲುಚೀಲ, ಬೂಟು ಎರಡನ್ನೂ ಹಾಕಬಹುದು. ಇದು ಗೊತ್ತಿಲ್ಲದೆ ಹವಾಯಿ ಚಪ್ಪಲಿಯಲ್ಲಿ ನಡೆದು ಹಿಮ್ಮಡಿ ಒಡೆದುಕೊಂಡು ಬಂದವರನ್ನು ನೋಡಿದ್ದೇನೆ. ಬೂಟು ಹೊಸದಾಗಿರಬಾರದು. ಎರಡು-ಮೂರು ತಿಂಗಳು ಊರಿನಲ್ಲೇ ಹಾಕಿ ನಡೆದು ಪಳಗಿಸಿರಬೇಕು.

ಹಾಗಾದರೆ ಹೆಚ್ಚು ನಡೆದವರಿಗೆ ಹೆಚ್ಚು ಪುಣ್ಯವೇ? ಕೇರಳದ ಮಲಪ್ಪುರಂ ಜಿಲ್ಲೆಯ ಶಿಹಾಬ್ ಚೊಟ್ಟೂರ್ 2022ರ ಜೂನ್‌ನಲ್ಲಿ ಮನೆಯಿಂದಲೇ ನಡೆದು ಹೊರಟು, ವೀಸಾಕ್ಕಾಗಿ ಪಂಜಾಬಿನ ಗಡಿಯಲ್ಲಿ ತಿಂಗಳುಗಟ್ಟಲೆ ಕಾದು, 2023ರಲ್ಲಿ ಮಕ್ಕಾ ತಲುಪಿದಾಗ ಈ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿನಿಯರು ಕೇಳಿದ್ದರು. ನಡೆದು ಬರುವವರ ಪ್ರಸ್ತಾಪ ಕುರ್‌ಆನಿನ ಸೂರಃ ಹಜ್ಜ್‌ನಲ್ಲೇ ಇದೆ. ದೂರದಿಂದ ಬಡಕಲು ಒಂಟೆಯೇರಿ ಬರುವವರದ್ದೂ ಅದೇ ಆಯತ್‌ನಲ್ಲಿದೆ. ಹ. ಉಕ್ಬಾ(ರ) ಅವರ ಸಹೋದರಿ ಕಅಬಾಕ್ಕೆ ನಡೆದೇ ಹೋಗುತ್ತೇನೆಂದು ಹರಕೆ ಹೊತ್ತಿದ್ದರು. ಆಕೆ ನಡೆಯಲಿ, ಸವಾರಿಯನ್ನೂ ಮಾಡಲಿ ಎಂದರು ಪ್ರವಾದಿ(ಸ). ಇಬ್ಬರು ಗಂಡುಮಕ್ಕಳ ಹೆಗಲ ಮೇಲೆ ತೂಗಾಡುತ್ತ ನಡೆಯುತ್ತಿದ್ದ ಮುದುಕರಿಗೂ ಸವಾರಿಯ ಆದೇಶವೇ ಆಯಿತು. ದೇಹವನ್ನು ಹಿಂಸಿಸುವುದು ಇಬಾದತ್ ಅಲ್ಲ.

ಹಿಂಸೆ ಯಾವ ಮಟ್ಟಕ್ಕೆ ಹೋಗಬಹುದೆಂದು 2024ರ ಹಜ್ಜ್‌ನಲ್ಲಿ ಕಂಡೆವು. ಮಕ್ಕಾದಲ್ಲಿ ಬಿಸಿಲು 51 ಡಿಗ್ರಿ ದಾಟಿತು. ಸೌದಿ ಸರಕಾರದ ಲೆಕ್ಕದಂತೆ 1,301 ಮಂದಿ ತೀರಿಕೊಂಡರು. ಅವರಲ್ಲಿ ಬಹುಪಾಲು ಜನ ಹಜ್ಜ್ ಪರವಾನಗಿ ಇಲ್ಲದೆ ಹೋದವರು. ಅವರಿಗೆ ಡೇರೆಯಿರಲಿಲ್ಲ, ಬಸ್ಸಿರಲಿಲ್ಲ, ಬಿಸಿಲಿನಲ್ಲೇ ಬಹು ದೂರ ನಡೆದರು. ಕಡಿಮೆ ಹಣಕ್ಕೆ ವಿಸಿಟ್ ವೀಸಾದಲ್ಲಿ ಹಜ್ಜ್ ಮಾಡಿಸುತ್ತೇವೆಂದು ಯಾರಾದರೂ ನಿಮ್ಮ ಮನೆ ಬಾಗಿಲಿಗೆ ಬಂದರೆ ಈ ಸಂಖ್ಯೆಯನ್ನು ನೆನಪಿಸಿಕೊಳ್ಳಿ.

ನನ್ನ ತಾಯಿಯ ವಿಷಯ ಹೇಳದೆ ಇರಲಾರೆ. ಹಜ್ಜ್‌ಗೆಂದು ಅವರು ಹಣ ಕೂಡಿಡುತ್ತಿದ್ದರು. ಮೊದಲು ಅಕ್ಕನ ಮದುವೆ ಬಂತು, ಆಮೇಲೆ ನನ್ನದು, ಆಮೇಲೆ ಅಣ್ಣನ ಮನೆ. ಪ್ರತಿ ಸಲವೂ "ಇದೊಂದು ಮುಗಿಯಲಿ" ಎಂದು ನಾವೇ ಹೇಳಿದೆವು. ಎಲ್ಲ ಮುಗಿದಾಗ ಅಮ್ಮನಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಅಣ್ಣ ಹಜ್ಜೆ ಬದಲ್ ಮಾಡಿಸಿದ. ಅದಕ್ಕೆ ಶರೀಅತ್‌ನಲ್ಲಿ ಅವಕಾಶವಿದೆ, ಅಲ್ಲಾಹನು ಸ್ವೀಕರಿಸಲಿ. ಆದರೆ ಕಅಬಾವನ್ನು ಕಣ್ಣಾರೆ ನೋಡುವ ಅಮ್ಮನ ಆಸೆಯನ್ನು ಬದಲಿಗೆ ಯಾರು ತಾನೇ ಪೂರೈಸಬಲ್ಲರು? ಖಾಲಾ ನಮ್ಮಮ್ಮನ ತಂಗಿ. ಆ ಪ್ರಶ್ನೆ ಅವರ ಬಾಯಿಗೆ ಸುಮ್ಮನೆ ಬಂದದ್ದಲ್ಲ.

ಈಗ ಕೊತ್ತಗೆರೆಯಲ್ಲಿ ಖಾಲಾ ಫಜ್ರ್ ನಮಾಝ್ ಮುಗಿಸಿ ನಡೆಯುತ್ತಾರೆ. ಮೊದಲ ವಾರ ಹದಿನೈದು ನಿಮಿಷ, ಆಮೇಲೆ ಅರ್ಧ ಗಂಟೆ, ಈಗ ಒಂದು ಗಂಟೆ. ಸಕ್ಕರೆ, ಬಿ.ಪಿ. ಎರಡೂ ಇರುವುದರಿಂದ ಡಾಕ್ಟರನ್ನು ಕೇಳಿಯೇ ಶುರು ಮಾಡಿದ್ದು. ಮೊದಲು ಒಬ್ಬರೇ ಹೋಗಲು ಸಂಕೋಚಪಟ್ಟರು, ಯಾರೇನು ಅನ್ನುತ್ತಾರೋ ಎಂದು. ಸೊಸೆ ಜೊತೆಯಾದಳು, ಆಮೇಲೆ ಪಕ್ಕದ ಮನೆಯ ಇಬ್ಬರು. ಅವರಿಗೆ ಹಜ್ಜ್‌ನ ಯೋಚನೆಯೇ ಇರಲಿಲ್ಲ, ಈಗ ಪಾಸ್‌ಪೋರ್ಟಿನ ಬಗ್ಗೆ ವಿಚಾರಿಸುತ್ತಿದ್ದಾರೆ. ಕುಣಿಗಲ್ ಪೇಟೆಯಲ್ಲಿ ಕೊಂಡ ಬೂಟು ಮೊದಲು ಕಿರುಬೆರಳನ್ನು ಕಚ್ಚಿತು, ಎರಡು ವಾರದಲ್ಲಿ ಹೊಂದಿಕೊಂಡಿತು. ಮೊನ್ನೆ ಫೋನ್ ಮಾಡಿದಾಗ ಅವರದ್ದು ಒಂದೇ ದೂರು: ಮಾಮು ಇನ್ನೂ ಸ್ಕೂಟರ್ ಬಿಟ್ಟು ಇಳಿದಿಲ್ಲವಂತೆ.