ಮಲ್ಲಿಗೆ ಬೆಳೆಗಾರನೂ ಅವನ ಗಿರಾಕಿಯೂ

ಭತ್ತ ಬೆಳೆದವನು ದರ ಕುದುರುವವರೆಗೆ ಅದನ್ನು ಕಣಜದಲ್ಲಿಟ್ಟು ಕಾಯಬಹುದು. ಅಡಕೆ ಬೆಳೆದವನು ಮೂಟೆಗಟ್ಟಿ ಅಟ್ಟದ ಮೇಲಿರಿಸಬಹುದು. ಮಲ್ಲಿಗೆಗೆ ಈ ಸೌಕರ್ಯವಿಲ್ಲ. ಮುಂಜಾನೆ ಕೊಯ್ದ ಮೊಗ್ಗು ರಾತ್ರಿಗೆ ಅರಳಿ, ಮರುದಿನ ಬೆಲೆಯಿಲ್ಲದ ವಸ್ತುವಾಗುವುದು. ಆದುದರಿಂದ ಈ ಬೆಳೆಗೆ ಗಿರಾಕಿಯ ವಿಶ್ವಾಸವೇ ಕಣಜವೆಂದು ತಿಳಿಯತಕ್ಕದ್ದು. ಕಾರ್ಕಳ ಸೀಮೆಯಲ್ಲಿ ಮಲ್ಲಿಗೆ ಬೆಳೆಸುವವರು ಗೊಬ್ಬರ, ನೀರುಗಳಷ್ಟೇ ಗಮನವನ್ನು ಕೊಳ್ಳುವವನ ಕಡೆಗೂ ಕೊಡುವುದು ಅವಶ್ಯಕವಾಗಿದೆ.

ನೆರೆಯ ಕಾಪು ತಾಲೂಕಿನ ಶಂಕರಪುರವು ಈ ವ್ಯಾಪಾರದ ಕೇಂದ್ರವು. 800 ಮೊಗ್ಗುಗಳನ್ನು ಬಾಳೆನಾರಿನಲ್ಲಿ ಕಟ್ಟಿದರೆ ಒಂದು ಚೆಂಡು. 4 ಚೆಂಡುಗಳಿಗೆ ಒಂದು ಅಟ್ಟೆ, ಎಂದರೆ 3200 ಮೊಗ್ಗುಗಳು. ಅಟ್ಟೆಯ ದರವು ದಿನದಿನವೂ ಗೊತ್ತಾಗುವುದು. ಇಲ್ಲಿಯ ಹೂವು ಮಂಗಳೂರಿಗೂ ಮುಂಬಯಿಗೂ ಹೋಗುತ್ತದೆ. ಉಡುಪಿ ಮಲ್ಲಿಗೆ ಎಂಬ ಹೆಸರಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಉಂಟು. ಬೇಸಗೆಯಲ್ಲಿ ಹೂವು ಹೇರಳವಾಗಿ ದರ ಇಳಿಯುವುದು. ಚಳಿಗಾಲದಲ್ಲಿ ಹೂವು ವಿರಳವಾಗಿ ದರ ಏರುವುದು.

ಗಿರಾಕಿಗಳೆಲ್ಲರೂ ಒಂದೇ ಬಗೆಯವರಲ್ಲ. ದೂರದೂರಿಗೆ ಕಳುಹಿಸುವ ವ್ಯಾಪಾರಿಗೆ ಬಿಗಿಯಾದ ಮೊಗ್ಗು, ತಪ್ಪದ ಎಣಿಕೆ, ನಿಗದಿಯಾದ ಹೊತ್ತು ಇವು ಮುಖ್ಯ. ದೇವಸ್ಥಾನಕ್ಕೆ ಬೇಕಾದುದು ಸ್ವಲ್ಪವೇ ಆದರೂ ನಿತ್ಯವೂ ಬೇಕು. ಮದುವೆಯ ಮನೆಗೆ ಒಂದೇ ದಿನ ಬಹಳ ಬೇಕು, ಮತ್ತೆ ಬೇಡ.

ಬೇಡಿಕೆಯ ಕಾಲವನ್ನೂ ಅರಿತಿರಬೇಕು. ಪತ್ತನಾಜೆಯಿಂದ ದೀಪಾವಳಿಯವರೆಗೆ ನೇಮಕೋಲಗಳಿಲ್ಲ. ಆಟಿ ತಿಂಗಳಲ್ಲಿ ಮದುವೆಗಳು ವಿರಳ. ನಾಗರಪಂಚಮಿ, ಕಾರ್ಕಳದ ವೆಂಕಟರಮಣ ದೇವಸ್ಥಾನದ ಕಾರ್ತಿಕ ಲಕ್ಷದೀಪೋತ್ಸವ ಮುಂತಾದ ದಿನಗಳು ಪಂಚಾಂಗದಲ್ಲಿ ಮೊದಲೇ ತಿಳಿಯುತ್ತವೆ. ಗಿಡಗಳೆಲ್ಲವನ್ನೂ ಒಮ್ಮೆಗೇ ಸವರದೆ ಪಾಳಿಯಂತೆ ಸವರಿದರೆ, ಹೂವು ಒಟ್ಟಿಗೆ ಬಂದು ಒಟ್ಟಿಗೆ ಮುಗಿಯುವುದು ತಪ್ಪುವುದು.

ನಿಜವಾದ ಪರೀಕ್ಷೆಯು ದರ ಏರಿದ ದಿನದಲ್ಲಿಯೇ ಬರುವುದು. ಒಬ್ಬ ಬೆಳೆಗಾರನಿಗೆ ನಿತ್ಯ 8 ಚೆಂಡು ಹೂವು ದೊರೆಯುವುದೆಂದೂ, ಅದರಲ್ಲಿ 6 ಚೆಂಡು ವರ್ಷವೆಲ್ಲ ಒಬ್ಬನೇ ವ್ಯಾಪಾರಿಗೆ ಸಲ್ಲುವುದೆಂದೂ ಇಟ್ಟುಕೊಳ್ಳುವ. ಮಾರ್ಗಶಿರದ ಚಳಿಗೆ ಹೂವು 5 ಚೆಂಡಿಗಿಳಿದಾಗ ಮದುವೆಯ ಮನೆಯವರು ಇಮ್ಮಡಿ ಹಣ ಕೊಡುವೆವೆಂದು ಬರುತ್ತಾರೆ. ಆಗ ಅಷ್ಟನ್ನೂ ಅವರಿಗೆ ಕೊಟ್ಟವನು ಒಂದು ದಿನದ ಲಾಭ ಪಡೆಯುವನು. ಆದರೆ ಚೈತ್ರದಲ್ಲಿ ಊರೆಲ್ಲ ಹೂವಾದಾಗ, ಕೈಬಿಟ್ಟ ವ್ಯಾಪಾರಿಯು ಇವನ ಬುಟ್ಟಿಯನ್ನು ಕಟ್ಟಕಡೆಗೆ ನೋಡುವನು, ನೋಡದೆಯೂ ಇರಬಹುದು. ನಿತ್ಯದ ಗಿರಾಕಿಯ ಪಾಲು ಮೊದಲು, ಉಳಿದುದು ಮಾತ್ರ ಹೊಸಬನಿಗೆ ಎಂಬುದೇ ಕ್ಷೇಮಕರವಾದ ನಿಯಮ.

ಇದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಒಂದು ಪುಸ್ತಕದಲ್ಲಿ ದಿನ, ಕೊಟ್ಟ ಚೆಂಡು, ದೊರೆತ ದರ, ಗಿರಾಕಿಯ ಆಕ್ಷೇಪ ಇಷ್ಟನ್ನು ಬರೆದಿಟ್ಟರೆ ಸಾಕು. ಚೆಂಡಿಗೆ 10 ಮೊಗ್ಗು ಕಡಮೆಯಾದರೆ ಅಟ್ಟೆಗೆ 40 ಕಡಮೆ. ಈ ಅಲ್ಪ ಲಾಭಕ್ಕಾಗಿ ಹೆಸರು ಕೆಡಿಸಿಕೊಳ್ಳುವುದು ವಿವೇಕವಲ್ಲ. ವರ್ಷಾಂತ್ಯದಲ್ಲಿ ಪುಸ್ತಕವನ್ನು ತಿರುವಿ ನೋಡಿದರೆ, ಯಾರು ಇಳಿದ ದರದಲ್ಲಿಯೂ ಕೈಬಿಡಲಿಲ್ಲವೆಂಬುದು ತಾನಾಗಿ ಗೊತ್ತಾಗುವುದು.

ಹತ್ತಿಪ್ಪತ್ತು ಗಿಡಗಳಿರುವ ಮನೆಗಳೇ ಗ್ರಾಮಗಳಲ್ಲಿ ಹೆಚ್ಚು. ಇವರ ಹೂವನ್ನು ಒಂದೇ ಸ್ಥಳದಲ್ಲಿ, ಒಂದೇ ಹೊತ್ತಿಗೆ ಕೂಡಿಸಿ, ಎಲ್ಲರೆದುರು ಎಣಿಕೆ ನೋಡಿ ಕಳುಹಿಸುವ ಏರ್ಪಾಡನ್ನು ಗ್ರಾಮಮುಖ್ಯರೂ ಭೂಮಾಲೀಕರೂ ಮಾಡಿಸಿದರೆ, ಬಡವಳ ಒಂದು ಚೆಂಡಿಗೂ ದೊಡ್ಡ ತೋಟದ ಅಟ್ಟೆಗೂ ಸಮಾನವಾದ ಗೌರವ ದೊರೆಯುವುದು.