ಕೃಷ್ಣೆ ಯಾಕೆ ಪೂರ್ವಕ್ಕೆ ಹೊರಟಳು?

ಮಹಾಬಳೇಶ್ವರದಲ್ಲಿ ಕಲ್ಲಿನ ಗೋಮುಖದಿಂದ ಬೀಳೋ ಈ ಸಣ್ಣ ಧಾರೆ ನೋಡಿ. ಕೃಷ್ಣೆ ಶುರುವಾಗೋದು ಇಲ್ಲೇ. ಅರಬ್ಬೀ ಸಮುದ್ರ ಇಲ್ಲಿಂದ ಬರೀ 64 ಕಿಲೋಮೀಟರ್. ಆದ್ರೂ ಇವಳು ಅದಕ್ಕೆ ಬೆನ್ನು ಹಾಕಿ, ಸುಮಾರು 1,400 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿ ಸೇರ್ತಾಳೆ! ಹಠ ಅಲ್ಲ, ಇಳಿಜಾರು. ದಖ್ಖನ್ ಪ್ರಸ್ಥಭೂಮಿ ವಾಲಿರೋದೇ ಪೂರ್ವಕ್ಕೆ.

ದಾರೀಲಿ ಘಟಪ್ರಭಾ ಸೇರುತ್ತೆ, ಕೂಡಲಸಂಗಮದಲ್ಲಿ ಮಲಪ್ರಭಾ. ಇಲ್ಲಿ ಸ್ವಲ್ಪ ನಿಲ್ಲೋಣ. ಬಸವಣ್ಣನವರ ಐಕ್ಯಮಂಟಪ ನೋಡೋಕೆ ಬಾವಿಯಂಥ ಗೋಡೆಯೊಳಗೆ ಮೆಟ್ಟಿಲು ಇಳೀಬೇಕು. ಹೊರಗೆ ಸುತ್ತಲೂ ನಾರಾಯಣಪುರ ಜಲಾಶಯದ ಹಿನ್ನೀರು!

ಮುಂದೆ ರಾಯಚೂರು ಸೀಮೆಯಲ್ಲಿ ಭೀಮಾ, ಆಮೇಲೆ ತುಂಗಭದ್ರಾ. ಕೊನೆಗೆ ಆಂಧ್ರದ ಹಂಸಲದೀವಿಯಲ್ಲಿ ಕಡಲು. ಬೇಸಿಗೇಲಿ ಮಾತ್ರ ಅಲ್ಲಿಗೆ ಮುಟ್ಟೋ ನೀರು ತೀರಾ ಕಮ್ಮಿ. ನಡುವಿನ ಅಣೆಕಟ್ಟುಗಳೇ ಹಿಡಿದಿಟ್ಕೊಳ್ತವೆ.